ಕಂಬೀಪುರದ ಬಾಟಲಿ, ನಮ್ಮೂರ ಪ್ಯಾಕೆಟ್

ಮಂಡ್ಯ ಕಡೆಯಿಂದ ಬೆಂಗಳೂರಿಗೆ ಬರುವ ಬಸ್ಸು ಕೆಂಗೇರಿ ಮುಟ್ಟುವ ಮುಂಚೆ ಕಂಬೀಪುರದ ಹತ್ತಿರ ಹಾದು ಬರುತ್ತದೆ. ವರ್ಷಗಟ್ಟಲೆ ಈ ದಾರಿಯಲ್ಲಿ ಓಡಾಡಿದ್ದೇವೆ. ಅಲ್ಲಿ ತಯಾರಾಗುವ ವಿಸ್ಕಿಗೆ ಹೊರದೇಶಗಳಲ್ಲೂ ಹೆಸರಿದೆ ಅನ್ನೋದು ನಮಗೆ ಗೊತ್ತಾಗಿದ್ದು ಮಾತ್ರ ಮೊನ್ನೆ, ವಿಜಯನಗರದ ಗೆಳೆಯನ ರೂಮಿನಲ್ಲಿ.

ನಾವು ಮೂವರು ಒಟ್ಟಿಗೆ ಪತ್ರಿಕೋದ್ಯಮ ಡಿಪ್ಲೊಮಾ ಓದಿದವರು. ಗೆಳೆಯನಿಗೆ ಯಾರೋ ಉಡುಗೊರೆ ಕೊಟ್ಟ ಬಾಟಲಿ ಮೇಜಿನ ಮೇಲಿತ್ತು. ಅಮೃತ್ ಫ್ಯೂಷನ್. ಬೆಲೆ ಕೇಳಿ ಸುಮ್ಮನಾದೆವು, ನಮ್ಮೂರಲ್ಲಿ ಅದು ಎಷ್ಟೋ ದಿನದ ಕೂಲಿ.

ಅಮೃತ್ ಕಂಪನಿಯನ್ನು ರಾಧಾಕೃಷ್ಣ ಜಗದಾಳೆ ಅವರು 1948ರಲ್ಲಿ ಬೆಂಗಳೂರಿನಲ್ಲಿ ಶುರು ಮಾಡಿದರು. ನಮ್ಮ ದೇಶದಲ್ಲಿ ವಿಸ್ಕಿ ಅಂತ ಮಾರುವ ಅಗ್ಗದ ಮಾಲಿನಲ್ಲಿ ಬಹುಪಾಲು ಇರುವುದು ಕಬ್ಬಿನ ಕಾಕಂಬಿಯಿಂದಲೋ ಧಾನ್ಯದಿಂದಲೋ ತೆಗೆದ ಸ್ಪಿರಿಟ್. ಇದು ಹಾಗಲ್ಲ, ಪೂರ್ತಿ ಬಾರ್ಲಿ ಮಾಲ್ಟ್‌ನದು. ಮಗುವಿನ ಸರಿಗೆ ಅಮ್ಮಂದಿರು ರಾಗಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬರಿಸಿ ಒಣಗಿಸುತ್ತಾರಲ್ಲ, ಮಾಲ್ಟ್ ಅಂದರೆ ಅದೇ. ಆ ಬಾರ್ಲಿಯನ್ನು ಹುದುಗಿಸಿ, ತಾಮ್ರದ ಹಂಡೆಯಲ್ಲಿ ಬಟ್ಟಿ ಇಳಿಸಿ, ಓಕ್ ಮರದ ಪೀಪಾಯಿಯಲ್ಲಿ ವರ್ಷಗಟ್ಟಲೆ ಇಡುತ್ತಾರೆ.

2004ರಲ್ಲಿ ಇವರು ತಮ್ಮ ಸಿಂಗಲ್ ಮಾಲ್ಟ್ ಅನ್ನು ಮೊದಲು ಬಿಡುಗಡೆ ಮಾಡಿದ್ದು ಬೆಂಗಳೂರಿನಲ್ಲಲ್ಲ, ವಿಸ್ಕಿಯ ತವರು ಸ್ಕಾಟ್ಲೆಂಡ್‌ನ ಗ್ಲಾಸ್ಗೊದಲ್ಲಿ. ಮೀನಿನ ಮರಿಗೆ ಈಜು ಕಲಿಸಲು ಹೋದ ಹಾಗೆ! ಆದರೆ 2010ರ 'ವಿಸ್ಕಿ ಬೈಬಲ್'ನಲ್ಲಿ ಜಿಮ್ ಮರ್ರೆ ಫ್ಯೂಷನ್‌ಗೆ ಪ್ರಪಂಚದಲ್ಲೇ ಮೂರನೇ ಸ್ಥಾನ ಕೊಟ್ಟರು.

ಗೆಳೆಯ ಚೂರು ಚೂರೇ ಸುರಿದ. "ಮೊದಲು ಮೂಸಿ ನೋಡ್ರೋ," ಅಂದ. ಶೇಕಡ 50 ಆಲ್ಕೋಹಾಲ್, ಹಾಗಾಗಿ ನಾಲ್ಕು ಹನಿ ನೀರು ಬೆರೆಸಿದೆವು. ಮೊದಲು ಬಂದದ್ದು ಹೊಗೆ. ಇದರಲ್ಲಿ ಕಾಲು ಭಾಗ ಸ್ಕಾಟ್ಲೆಂಡ್‌ನ ಬಾರ್ಲಿ, ಅದನ್ನು ಜೌಗು ನೆಲದ ಪೀಟ್ ಮಣ್ಣಿನ ಹೊಗೆಯಲ್ಲಿ ಒಣಗಿಸಿರುತ್ತಾರೆ. ಉಳಿದದ್ದು ನಮ್ಮ ದೇಶದ ಬಾರ್ಲಿ. ಹೊಗೆಯ ಹಿಂದೆಯೇ ಬೆಲ್ಲದ ಘಮ. ನಮ್ಮ ಬಾಯಲ್ಲಿ ಒಟ್ಟಿಗೆ ಬಂದ ಮಾತು, "ಆಲೆಮನೆ ಕಣೋ!"

ಮೂರನೆಯವನು ಕುಡಿಯಲಿಲ್ಲ. ಮೂಸಿ ನೋಡಿ ಗ್ಲಾಸ್ ಕೆಳಗಿಟ್ಟ. ಅವನ ಅಪ್ಪ ಸಾರಾಯಿ ಪ್ಯಾಕೆಟ್ ಕುಡಿದು ಕುಡಿದೇ ಸತ್ತವರು. "ಅಪ್ಪನ ಬಾಯಲ್ಲಿ ಇಂಥ ವಾಸನೆ ಬರ್ತಿರಲಿಲ್ಲ," ಅಂದ. ಮುಂದಕ್ಕೆ ರುಚಿಯ ಮಾತು ಹೊರಡಲಿಲ್ಲ.

2007ರ ಜುಲೈನಲ್ಲಿ ರಾಜ್ಯದಲ್ಲಿ ಸಾರಾಯಿ ನಿಂತಿತು. ಅದರ ಜಾಗಕ್ಕೆ ಅಗ್ಗದ ಮದ್ಯದ 90 ಎಂ.ಎಲ್. ಪ್ಯಾಕೆಟ್ ಬಂತು. ಅದನ್ನು ಯಾರೂ ಮೂಸಿ ನೋಡುವುದಿಲ್ಲ. ಮೂಲೆ ಹರಿದು, ಕಣ್ಣು ಮುಚ್ಚಿ, ಒಂದೇ ಗುಟುಕಿಗೆ ಇಳಿಸುತ್ತಾರೆ. 2019ರ ಜನವರಿಯಲ್ಲಿ ಸಾವಿರಾರು ಹೆಣ್ಣುಮಕ್ಕಳು ಮದ್ಯ ನಿಷೇಧಿಸಿ ಅಂತ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದೇ ಬಂದರಲ್ಲ, ಅವರು ನಡೆದದ್ದು ಈ ಪ್ಯಾಕೆಟ್ಟಿನ ವಿರುದ್ಧ.

ಪೀಪಾಯಿಯ ಇನ್ನೊಂದು ಸಂಗತಿ ಹೇಳಬೇಕು. ಮರದ ಸಂದಿನಿಂದ ಪ್ರತಿ ವರ್ಷ ಒಂದಿಷ್ಟು ಮದ್ಯ ಆವಿಯಾಗಿ ಹೋಗುತ್ತದೆ. ಅದಕ್ಕೆ 'ದೇವತೆಗಳ ಪಾಲು' ಅನ್ನುತ್ತಾರೆ. ತಣ್ಣನೆಯ ಸ್ಕಾಟ್ಲೆಂಡ್‌ನಲ್ಲಿ ಅದು ವರ್ಷಕ್ಕೆ ಶೇಕಡ 2ರಷ್ಟು. ಬೆಂಗಳೂರಿನ ಹವೆಗೆ 10ರಿಂದ 12. ಅಂದರೆ 100 ಲೀಟರ್ ತುಂಬಿಟ್ಟರೆ ಐದು ವರ್ಷಕ್ಕೆ 60 ಲೀಟರೂ ಉಳಿಯುವುದಿಲ್ಲ. ಹಾಗೆ ಬಹುಪಾಲು ಆವಿಯಾಗಿ ಉಳಿದದ್ದನ್ನು ಬಾಟಲಿಗೆ ತುಂಬಿ, ಅಮೃತ್‌ನವರು 'ಗ್ರೀಡಿ ಏಂಜಲ್ಸ್' ಅಂತ ಹೆಸರಿಟ್ಟರು. ದುರಾಸೆಯ ದೇವತೆಗಳು.

ಇದನ್ನು ಕೇಳಿ ಮೂರನೆಯವನು ನಕ್ಕ. "ನಮ್ಮನೇಲಿ ಅಪ್ಪನ ಕೂಲಿ ನೂರಕ್ಕೆ ನೂರೂ ಆವಿ ಆಗ್ತಿತ್ತು. ಅಮ್ಮ ಮಾತ್ರ ಲೆಕ್ಕ ಇಟ್ಟಿದ್ಲು," ಅಂದ.

ಕಂಬೀಪುರದವರ ಕೆಲಸ ದೊಡ್ಡದೇ, ಅದರಲ್ಲಿ ಎರಡು ಮಾತಿಲ್ಲ. ನಮ್ಮ ನೆಲದ ಬಿಸಿಲನ್ನೇ ಬಳಸಿಕೊಂಡು ಹೆಸರು ತಂದರು. ನಾವಿಬ್ಬರೂ ಗ್ಲಾಸ್ ಖಾಲಿ ಮಾಡಿದೆವು. ಚೆನ್ನಾಗಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ಎರಡನೇ ಸಲ ಸುರಿಯಲು ಯಾರೂ ಬಾಟಲಿಗೆ ಕೈ ಹಾಕಲಿಲ್ಲ.

ಮಾರನೇ ದಿನ ಬಸ್ಸು ಕಂಬೀಪುರ ದಾಟುವಾಗ ಒಂದು ತೀರ್ಮಾನ ಮಾಡಿಕೊಂಡೆವು. ಅಂಥ ಅಮ್ಮಂದಿರು ನಮ್ಮ ಊರುಗಳಲ್ಲಿ ಇನ್ನೂ ಇದ್ದಾರೆ. ಒಬ್ಬೊಬ್ಬರ ಮನೆಗೂ ಹೋಗಿ, ಆ ಲೆಕ್ಕ ಬರೆದುಕೊಂಡು ಬರಬೇಕು.