ನಿಲ್ಲುವ ಜಾಗ

ಒಡೆಯರಪಾಳ್ಯದಿಂದ ಕೊಳ್ಳೇಗಾಲದ ಬಸ್ಸು ಹತ್ತಿ ಬೆಂಗಳೂರು ಸೇರಿದ ನಾವು ಅಣ್ಣತಮ್ಮಂದಿರು, ನಮ್ಮ ಕೇರಿಯ ಮೊದಲ ಬಿ.ಎ.ಗಳು. ಹೋದ ವರ್ಷ ವಾಹನ ನಿಲುಗಡೆ ಉದ್ಯಮದವರ ಸಮ್ಮೇಳನಕ್ಕೆ ಹೋದೆವು. ಭಾಷಣಕ್ಕಲ್ಲ, ಗೇಟಲ್ಲಿ ಸೀಟಿ ಊದಿ ಕಾರು ನಿಲ್ಲಿಸೋ ದಿನಗೂಲಿಗೆ.

ಮಧ್ಯಾಹ್ನ ಬಾಗಿಲ ಸಂದಿಯಲ್ಲಿ ನಿಂತು ಕೇಳಿದೆವು. ಒಂದು ಕಾರಿಗೆ 2.5 ಮೀಟರ್ ಅಗಲ, 5 ಮೀಟರ್ ಉದ್ದ ಬೇಕಂತೆ. ಮನಸ್ಸಿನಲ್ಲೇ ಗುಣಿಸಿದೆವು: 12.5 ಚದರ ಮೀಟರ್. ಅವ್ವ ನಾಲ್ಕು ಮಕ್ಕಳನ್ನು ಹೆತ್ತು ಸಾಕಿದ ಗುಡಿಸಲು ಅಷ್ಟಿರಲಿಲ್ಲ.

ಪರದೆ ಮೇಲೆ ಫ್ರೀಡಂ ಪಾರ್ಕ್ ಪಕ್ಕದ ಬಹುಮಹಡಿ ನಿಲುಗಡೆ ಬಂತು, 2024ರಲ್ಲಿ ತೆರೆದದ್ದು. ಆ ಪಾರ್ಕು ಹಿಂದೆ ಸೆರೆಮನೆ. 1975ರ ತುರ್ತುಪರಿಸ್ಥಿತಿಯಲ್ಲಿ ಎದುರಾಡಿದವರನ್ನು ಕೂಡಿಹಾಕಿದ್ದ ಜಾಗ. ಧರಣಿ ಕೂರುವವರಿಗೆ 2021ರ ಆದೇಶ ತೋರಿಸಿದ್ದೂ ಅದನ್ನೇ. ಕಾರಿಗೆ ಮಹಡಿ ಮೇಲೆ ಮಹಡಿ, ಕೂಗಿಗೆ ಒಂದೇ ಅಂಗಳ.

ಸೆನ್ಸರ್, ಆ್ಯಪ್, ಲಾಭ ಎಲ್ಲ ಮಾತಿಗೆ ಬಂದವು. ಬಿಸಿಲಲ್ಲಿ ಹತ್ತು ಗಂಟೆ ನಿಲ್ಲುವವನ ಸುದ್ದಿ ಬರಲಿಲ್ಲ.

ಊರಿಗೆ ಹೋದಾಗ ಅವ್ವ ಕೇಳಿದಳು: “ಅಷ್ಟೊಂದ್ ಕಾರಿಗೆ ಜಾಗ ಮಾಡ್ಕೊಟ್ರಲ್ಲಾ, ನೀವೆಲ್ಲಿ ಕುಂತಿದ್ರಪ್ಪಾ?”

ಅಜ್ಜನಿಗೆ ಹೋಟೆಲಿನ ಹೊರಗೆ ನಿಲ್ಲೋ ಜಾಗ ಗುರುತು ಮಾಡಿದ್ದರು. ನಮಗೂ ಮಾಡಿದ್ದಾರೆ, ಬಿಳಿ ಬಣ್ಣದಲ್ಲಿ. ಗೆಳೆಯರೇ, ಮುಂದಿನ ಸಮ್ಮೇಳನಕ್ಕೆ ಸೀಟಿ ಬಿಟ್ಟು ಹೋಗುತ್ತೇವೆ, ಕುರ್ಚಿ ಕೇಳಲು.