ಹೆಜ್ಜೆಗೊಂದು ಲಯ

ಕಂಪ್ಲಿಯಲ್ಲಿರುವ ನಮ್ಮ ಮಾಮುವಿಗೆ ಪಾರ್ಶ್ವವಾಯು ತಗುಲಿ ಎಡಗಾಲು ಸ್ವಾಧೀನ ತಪ್ಪಿತು. ಹೊಸಪೇಟೆಯ ಆಸ್ಪತ್ರೆಯಿಂದ ಮರಳಿದ ಮೇಲೆ ಗೋಡೆ ಹಿಡಿದು ನಡೆಯುವಷ್ಟು ಚೇತರಿಸಿಕೊಂಡರು; ಆದರೆ ಬಲಗಾಲು ಮುಂದಾದರೆ ಎಡಗಾಲು ನೆಲ ಕೆರೆಯುತ್ತ ಹಿಂದೆಯೇ ಉಳಿಯುತ್ತಿತ್ತು. ಮಸೀದಿ ಮನೆಯಿಂದ ನಾಲ್ಕು ಮನೆಗಳಾಚೆ ಇತ್ತು. ಅಝಾನ್ ಕೇಳಿದಾಗಲೆಲ್ಲ ಅವರ ಕಣ್ಣು ಬಾಗಿಲಿನತ್ತ ಹೋಗುತ್ತಿತ್ತು.

ವ್ಯಾಯಾಮ ಮಾಡಿಸಲು ಬರುತ್ತಿದ್ದ ಫಿಸಿಯೋಥೆರಪಿಸ್ಟ್ ಒಂದು ದಿನ ಮೊಬೈಲಿನಲ್ಲಿ ಹಾಡು ಹಚ್ಚಿ, “ಇದರ ತಾಳಕ್ಕೆ ಹೆಜ್ಜೆ ಇಡಿ ಅಜ್ಜಾ” ಎಂದರು. ಮಾಮು ಮುಖ ತಿರುಗಿಸಿ, “ಈ ವಯಸ್ಸಿನಲ್ಲಿ ಹಾಡಿಗೆ ಕುಣಿಯಲೇ?” ಎಂದು ನಮ್ಮನ್ನು ನೋಡಿದರು. ಮದ್ರಸಾದಲ್ಲಿ ಕಲಿತವರೆಂಬ ಹಮ್ಮಿನಿಂದ ನಾವು ಏನನ್ನೂ ವಿಚಾರಿಸದೆ ತಲೆಯಾಡಿಸಿದೆವು. ಮೂರು ವಾರ ಆ ಅಭ್ಯಾಸ ನಿಂತುಹೋಯಿತು. ಅದರ ಹೊಣೆ ನಮ್ಮದೇ.

ಆಮೇಲೆ ಓದಿ ತಿಳಿದೆವು. ಅಮೆರಿಕದ ಮೈಕೆಲ್ ಥಾಟ್ ಮತ್ತು ಸಂಗಡಿಗರು ಪಾರ್ಶ್ವವಾಯು ಪೀಡಿತರಿಗೆ 6 ವಾರ ಲಯಕ್ಕೆ ತಕ್ಕಂತೆ ನಡಿಗೆ ಕಲಿಸಿ, 1997ರಲ್ಲಿ ಫಲಿತಾಂಶ ಪ್ರಕಟಿಸಿದ್ದರು. ಲಯವಿಲ್ಲದೆ ಅಭ್ಯಾಸ ಮಾಡಿದವರಿಗಿಂತ ಇವರ ವೇಗವೂ ಹೆಜ್ಜೆಯ ಉದ್ದವೂ ಹೆಚ್ಚು ಸುಧಾರಿಸಿದ್ದವು. ಸಮಾನ ಅಂತರದ ಸದ್ದು ಕೇಳುತ್ತಿದ್ದರೆ ಮುಂದಿನ ಸದ್ದು ಯಾವಾಗ ಬರುವುದೆಂದು ಮಿದುಳು ಮೊದಲೇ ಅಂದಾಜಿಸುತ್ತದೆ. ಕಾಲಿನ ಸ್ನಾಯುಗಳು ಅದಕ್ಕೆ ಸಜ್ಜಾಗುತ್ತವೆ. ಗುಣವಿರುವುದು ಆ ಅಂತರದಲ್ಲಿ; ಮೆಟ್ರೊನೋಮ್‌ನ ಬರಿಯ ಟಕ್ ಟಕ್ ಸದ್ದೂ ಸಾಕು. ವಾದ್ಯಗಳ ಕುರಿತು ಉಲಮಾಗಳಲ್ಲಿರುವ ಭಿನ್ನಾಭಿಪ್ರಾಯ ಬೇರೆಯೇ ಚರ್ಚೆ; ಗಡಿಯಾರದಂಥ ಸದ್ದಿಗೆ ಅದನ್ನು ಎಳೆದು ತರಬೇಕಿಲ್ಲ.

ನಾವೇ ಮಕ್ಕಳಿಗೆ ಹೇಳಿಕೊಡುತ್ತಿದ್ದ ಅಂಜಶ(ರ)ರ ಹದೀಸ್ ಆಗ ನೆನಪಾಯಿತು. ಅವರು ಇಂಪಾಗಿ ಹಾಡುತ್ತ, ಸ್ತ್ರೀಯರು ಕುಳಿತಿದ್ದ ಒಂಟೆಗಳನ್ನು ನಡೆಸುತ್ತಿದ್ದಾಗ, ನಿಧಾನಿಸುವಂತೆ ಪ್ರವಾದಿ(ಸ)ರು ಹೇಳಿದ ಪ್ರಸಂಗ ಬುಖಾರಿಯಲ್ಲಿದೆ. ಹಾಡಿನ ಲಯಕ್ಕೆ ಒಂಟೆಗಳ ನಡಿಗೆ ಬಿರುಸಾಗುವುದರಿಂದ ಹಾಗೆಂದರು ಎಂಬುದು ವ್ಯಾಖ್ಯಾನಕಾರರ ಒಂದು ವಿವರಣೆ. ಲಯಕ್ಕೂ ಹೆಜ್ಜೆಗೂ ಇರುವ ನಂಟು ನಮ್ಮ ಪಾಠದಲ್ಲೇ ಇತ್ತು, ನಾವು ಕಂಡಿರಲಿಲ್ಲ.

ಫಿಸಿಯೋಥೆರಪಿಸ್ಟರಲ್ಲಿ ಕ್ಷಮೆ ಕೇಳಿ ಮತ್ತೆ ಕರೆತಂದೆವು. ಅವರು ಮೊದಲು ಮಾಮು ಸಹಜವಾಗಿ ನಿಮಿಷಕ್ಕೆ ಎಷ್ಟು ಹೆಜ್ಜೆ ಇಡುವರೆಂದು ಎಣಿಸಿ, ಅದೇ ವೇಗಕ್ಕೆ ಮೊಬೈಲಿನ ಮೆಟ್ರೊನೋಮ್ ಹೊಂದಿಸಿದರು. ಹೆಜ್ಜೆ ಸಮವಾದ ಮೇಲಷ್ಟೇ ವೇಗವನ್ನು ತುಸು ತುಸುವೇ ಏರಿಸಬೇಕಂತೆ. ನಾವೋ, ಎರಡನೆಯ ವಾರವೇ ಆತುರಪಟ್ಟು ಏರಿಸಿದೆವು, ಮಾಮು ಮುಗ್ಗರಿಸಿದರು. ಪಕ್ಕದಲ್ಲಿ ಮಗ ಹಿಡಿದುಕೊಂಡಿದ್ದನಾದ್ದರಿಂದ ಬೀಳಲಿಲ್ಲ, ಅಲ್‌ಹಮ್ದುಲಿಲ್ಲಾಹ್. ಅಂಜಶರಿಗೆ ಹೇಳಿದ ಮಾತು ನಮಗೂ ಹೇಳಿದಂತಿತ್ತು.

ಈಗ ಅಸರ್ ನಮಾಝಿಗೆ ಕೋಲೂರಿಕೊಂಡು ಮಸೀದಿಗೆ ಹೋಗುತ್ತಾರೆ, ಕುರ್ಚಿಯಲ್ಲಿ ಕುಳಿತು ನಮಾಝ್ ಮಾಡುತ್ತಾರೆ. ಮೊಬೈಲ್ ಮನೆಯಲ್ಲೇ ಇರುತ್ತದೆ. ತಾವೇ ಮೆಲ್ಲಗೆ “ಏಕ್, ದೋ” ಎಂದು ಎಣಿಸಿಕೊಳ್ಳುತ್ತಾರೆ. ಬೀದಿಯ ಚರಂಡಿ ದಾಟುವಾಗ ಮಾತ್ರ ಎಣಿಕೆ ತಪ್ಪುತ್ತದೆ, ಆಗ ನಿಂತು ಮತ್ತೆ ಒಂದರಿಂದ ಶುರುಮಾಡುತ್ತಾರೆ.