ನೀರನ್ನು ಓದಿದ ಹುಡುಗ

ಮೀನು ಹಿಡಿಯುವುದೆಂದರೆ ನಮ್ಮ ಮಲೆನಾಡಿನವರಿಗೆ ಬಲೆ, ಕೂಣಿ, ಗಾಳ, ಇಷ್ಟೇ. ಗಾಳಕ್ಕೆ ಎರೆಹುಳು ಸಿಕ್ಕಿಸಿ ನೀರಿಗೆ ಬಿಟ್ಟು ಕುಳಿತರಾಯಿತು, ಮುಂದಿನದು ಮೀನಿನ ಹಣೆಬರಹ. ಇಂಗ್ಲೆಂಡಿನವರಿಗೆ ಇಷ್ಟು ಸುಲಭವಾದರೆ ರುಚಿಸದು. ಕೊಕ್ಕೆಗೆ ದಾರ, ಹಕ್ಕಿಪುಕ್ಕ ಸುತ್ತಿ, ಅದನ್ನೇ ಹುಳುವೆಂದು ಮೀನನ್ನು ನಂಬಿಸುವ ವಿದ್ಯೆಯನ್ನು ಅವರು ಶತಮಾನಗಳಿಂದ ಬೆಳೆಸಿಕೊಂಡು ಬಂದಿದ್ದಾರೆ. ಅದಕ್ಕೆ ‘ಫ್ಲೈ ಫಿಶಿಂಗ್’ ಎಂದು ಹೆಸರು.

ಮಗಳ ಸಂಸಾರ ಇರುವುದು ಬ್ರಿಸ್ಟಲ್‌ನಲ್ಲಿ. ಒಂದು ಏಪ್ರಿಲ್ ಮೊದಲ ವಾರ ನಾನು ಹೋದಾಗ ಮನೆಯಲ್ಲಿ ಮೊಮ್ಮಗನದೇ ಚಿಂತೆ. ಹನ್ನೊಂದು ವರ್ಷದ ಹುಡುಗ. ತರಗತಿಯಲ್ಲಿ ಗಮನವಿಡುವುದಿಲ್ಲ, ಒಂದೆಡೆ ಕೂರುವುದಿಲ್ಲ ಎಂದು ಶಾಲೆಯಿಂದ ಪತ್ರ ಬಂದಿತ್ತು. “ಅಪ್ಪಯ್ಯ, ಮೂವತ್ತು ವರ್ಷ ವಿಜ್ಞಾನದ ಮೇಷ್ಟ್ರಾಗಿದ್ದವರು ನೀವು. ನೀವೇ ಏನಾದರೂ ಹೇಳಿ” ಎಂದಳು ಮಗಳು. ಏನು ಹೇಳಲೆಂದು ಯೋಚಿಸುತ್ತಿರುವಾಗಲೇ ಅಳಿಯ ನಮ್ಮಿಬ್ಬರನ್ನೂ ಬ್ಲಾಗ್ಡನ್ ಕೆರೆಗೆ ಕರೆದೊಯ್ದ.

ಬ್ಲಾಗ್ಡನ್ ಇರುವುದು ಮೆಂಡಿಪ್ ಬೆಟ್ಟಗಳ ಬುಡದಲ್ಲಿ. ಬ್ರಿಸ್ಟಲ್ ನಗರದ ಕುಡಿಯುವ ನೀರಿಗಾಗಿ ಕಟ್ಟಿದ ಈ ಜಲಾಶಯದಲ್ಲಿ ಟ್ರೌಟ್ ಹಿಡಿಯುವವರಿಗೆ ಅವಕಾಶ ಸಿಕ್ಕಿದ್ದು 1904ರಲ್ಲಿ. ವಸಂತದ ಆರಂಭವೆಂದು ಹೆಸರೇ ಹೊರತು ಚಳಿ ನಮ್ಮ ಧನುರ್ಮಾಸವನ್ನೂ ಮೀರಿಸುವಂತಿತ್ತು.

ಅಳಿಯ ಹತ್ತಡಿ ಉದ್ದದ ಕೋಲನ್ನು ಬೀಸತೊಡಗಿದ. ಕೊಕ್ಕೆಗೆ ತೂಕವೇ ಇಲ್ಲ. ದಪ್ಪ ದಾರದ ತೂಕವೇ ಅದನ್ನು ದೂರಕ್ಕೆ ಒಯ್ಯಬೇಕು. ಹಿಂದಕ್ಕೆ ಬೀಸಿ, ದಾರ ಪೂರ್ತಿ ಚಾಚುವವರೆಗೆ ಕಾದು, ಆಮೇಲೆ ಮುಂದಕ್ಕೆ. ಅವಸರಪಟ್ಟರೆ ಎಲ್ಲವೂ ಕಾಲಬುಡದಲ್ಲೇ ಗೋಜಲು! ಗಂಟೆ ಕಳೆದರೂ ಮೀನಿನ ಸುಳಿವಿಲ್ಲ.

ಆರೂವರೆಗೆ ಗಾಳಿ ನಿಂತಿತು. ನೀರಿನ ಮೇಲೆ ಅಲ್ಲಲ್ಲಿ ಉಂಗುರಗಳೆದ್ದವು. ಅಳಿಯ ತೇಲುವ ಹುಳು ಕಟ್ಟಿ ಬೀಸಿದ. ಮೀನು ತಿರುಗಿಯೂ ನೋಡಲಿಲ್ಲ. ಅಷ್ಟು ಹೊತ್ತೂ ದಡದಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದ ಹುಡುಗ, “ಅಪ್ಪ, ಮೂತಿ ಮೇಲೆ ಬರ್ತಿಲ್ಲ, ಬರೀ ಬೆನ್ನು ಕಾಣ್ತಿದೆ. ಅವು ತಿಂತಿರೋದು ನೀರಿನ ಕೆಳಗಿದೆ” ಎಂದ. ಬೊಗಸೆಯಲ್ಲಿ ನೀರು ಮೊಗೆದು, “ಅಜ್ಜ, ಇಲ್ಲಿ ನೋಡಿ” ಎಂದು ಹಿಡಿದ. ಅಲ್ಪವಿರಾಮದಂಥ ಕಪ್ಪು ಜೀವವೊಂದು ಬಾಗುತ್ತ, ನೆಟ್ಟಗಾಗುತ್ತ ಒದ್ದಾಡುತ್ತಿತ್ತು.

ಅದು ಸೊಳ್ಳೆಯಂತೆ ಕಂಡರೂ ಕಚ್ಚದ ಕೈರೊನೋಮಿಡ್ ಕೀಟದ ಕೋಶ. ಇದರ ಮರಿಹುಳು ಬೆಳೆಯುವುದು ಕೆರೆತಳದ ಕೆಸರಿನಲ್ಲಿ. ಕೆಲವು ಜಾತಿಯವು ಹಿಮೋಗ್ಲೋಬಿನ್‌ನಿಂದಾಗಿ ಕೆಂಪಗಿರುತ್ತವೆ. ಆಮೇಲೆ ಕೋಶವಾಗಿ ಮೇಲೇರಿ, ನೀರಿನ ಮೇಲ್ಮೈಗೆ ಜೋತುಬಿದ್ದು, ಬೆನ್ನು ಬಿರಿದು ರೆಕ್ಕೆ ಬಿಚ್ಚುತ್ತವೆ. ಆ ಅಸಹಾಯಕ ಗಳಿಗೆಯಲ್ಲೇ ಟ್ರೌಟ್‌ಗೆ ಔತಣ. ಮೊಟ್ಟೆ, ಮರಿಹುಳು, ಕೋಶ, ಕೀಟ ಎಂದು ನಾನು ವರ್ಷವರ್ಷವೂ ಕರಿಹಲಗೆಯ ಮೇಲೆ ಬರೆದ ಚಿತ್ರ ಹುಡುಗನ ಬೊಗಸೆಯಲ್ಲಿ ಮಿಸುಕುತ್ತಿತ್ತು.

ಅಳಿಯ ಕಪ್ಪು ಕೋಶದಂಥ ಕೊಕ್ಕೆ ಕಟ್ಟಿ, ನೀರಿನೊಳಗೆ ಗೇಣುದ್ದ ಇಳಿಬಿಟ್ಟ. ಮೂರನೇ ಸಲ ಬೀಸಿದಾಗ ದಾರ ಬಿಗಿಯಿತು. ಕೋಲು ಬಿಲ್ಲಿನಂತೆ ಬಾಗಿತು. ದಡ ಇನ್ನೆರಡು ಮಾರು ಇದೆಯೆನ್ನುವಾಗ ಮೀನು ಕೊಸರಿಕೊಂಡು ಮಾಯ! ನಾನು “ಅಯ್ಯೋ” ಎಂದೆ. ಹುಡುಗನಿಗೆ ಬೇಸರವೇ ಇಲ್ಲ. “ನಾವು ಕಟ್ಟಿದ್ದು ಸರಿ ಇತ್ತಲ್ವಾ ಅಜ್ಜ!”

ಎರಡು ಗಂಟೆ ಅವನು ಕೂತಲ್ಲಿಂದ ಕದಲಿರಲಿಲ್ಲ. ಮಗಳಿಗೆ ಹೇಳಿದೆ. “ಹಾಗಾದರೆ ಲೆಕ್ಕದ ಪುಸ್ತಕಾನ ಕೆರೇಲಿ ಅದ್ದಿ ಕೊಡ್ಲಾ ಅಪ್ಪಯ್ಯ?” ಎಂದು ನಕ್ಕಳು. ಆದರೂ ಮುಂದೆ ಶಾಲೆಗೆ ಹೋದಾಗ ಶಿಕ್ಷಕಿಗೆ ಈ ಸಂಗತಿ ತಿಳಿಸಿದಳು.

ಒಂದು ಸಂಜೆಯಿಂದ ಅಂಕಪಟ್ಟಿ ಬದಲಾಗದು, ಲೆಕ್ಕವನ್ನಂತೂ ಕಲಿಯಲೇಬೇಕು. ಆದರೆ ಮಗು ಒಂದೆಡೆ ಕೂರುವುದೇ ಇಲ್ಲವೆಂದು ತೀರ್ಮಾನಿಸುವ ಮೊದಲು ಅದು ಎಲ್ಲಿ ಕೂರುತ್ತದೆಂದು ಹೆತ್ತವರು ಒಮ್ಮೆ ನೋಡಬೇಕು. ಇದಕ್ಕೆ ಬ್ಲಾಗ್ಡನ್‌ವರೆಗೆ ಹೋಗಬೇಕಿಲ್ಲ. ಊರ ಕೆರೆಯಿಂದ ಬಿಳಿ ತಟ್ಟೆಯಲ್ಲಿ ಒಂದಿಷ್ಟು ನೀರು ಮೊಗೆದು ಮಗುವಿನ ಮುಂದಿಟ್ಟರೂ ಸಾಕು.